ಕಂಬದ ಮೇಲಿನ ಹಾರಾಟ

ದೇಶದ ವಾಯುಪಡೆಯ ಆಧುನೀಕರಣವು ಮೀನು ಮಾರುಕಟ್ಟೆಯ ಮುಂದಿನ ವೃತ್ತದಲ್ಲಿ, ಟ್ರಾಫಿಕ್ ಪೊಲೀಸರೊಬ್ಬರ ಸಮಕ್ಷಮ, ಒಂದು ತೊಟ್ಟು ಇಂಧನವೂ ಖರ್ಚಾಗದೆ ನೆರವೇರಿತೆಂಬುದು ಎಲ್ಲರೂ ಬಲ್ಲ ಸಂಗತಿ.

ಅದಕ್ಕೆ ಮುಂಚೆ ವಾಯುಪಡೆಯಲ್ಲಿ ವಿಮಾನಗಳೇ ಇರಲಿಲ್ಲ ಎಂದರೆ ನಾಲಿಗೆಗೆ ದೋಷ. ಶೆಡ್ಡಿನ ತುಂಬ ಇದ್ದವು. ಒಂದರ ಚಕ್ರ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಅದರ ಬಾಲ ಕಿತ್ತು ಮತ್ತೊಂದಕ್ಕೆ ಕೂರಿಸಿ, ಕೊನೆಗೆ ಯಾವುದು ಯಾವುದೆಂದು ತಯಾರಿಸಿದ ಕಾರ್ಖಾನೆಗೇ ಗುರುತು ಸಿಗದಂತಾಗಿತ್ತು. ಹೊಸ ವಿಮಾನಗಳು ಮುಂದಿನ ವರ್ಷ ಬರಲಿದ್ದವು. ಈ ಮಾತಿಗೆ ಇಲಾಖೆ ಎಂದೂ ತಪ್ಪಿದ್ದಿಲ್ಲ, ಪ್ರತಿ ವರ್ಷವೂ ಇದನ್ನೇ ಹೇಳುತ್ತಿತ್ತು. ನೆಟ್ಟಗಿದ್ದ ಒಂದೇ ಒಂದು ವಿಮಾನದ ಎಂಜಿನ್ ರಿಪೇರಿಗೆಂದು ಹೋದದ್ದು ಹೋಗಿಯೇಬಿಟ್ಟಿತು. ಖಾಲಿ ಹೊಟ್ಟೆಯ ಆ ವಿಮಾನವನ್ನು ನಗರದ ಅಂದ ಹೆಚ್ಚಿಸಲೆಂದು ವೃತ್ತದ ನಡುವೆ ಸಿಮೆಂಟು ಕಂಬದ ಮೇಲೆ ಕೂರಿಸಿದರು. ಅದು ಮೂಗೆತ್ತಿ, ಚಕ್ರ ಇಳಿಬಿಟ್ಟು, ಮೀನು ಮಾರುಕಟ್ಟೆಯ ಮೇಲೆ ಕಣ್ಣಿಟ್ಟು ನಿಂತಿತು. ಕಂಬ ಕಟ್ಟಿದ ಗುತ್ತಿಗೆದಾರ ಆಧುನೀಕರಣ ನಿರ್ದೇಶಕರ ಭಾಮೈದ.

ಈ ವಿಮಾನವನ್ನು ಎಲ್ಲರಿಗಿಂತ ಹೆಚ್ಚು ಹಾರಿಸಿದವರು ಹಿರಿಯ ಪೈಲಟ್. ವೃತ್ತ ದಾಟುವಾಗಲೆಲ್ಲ ಅವರಿಗೆ ಹಳೆಯ ಗೆಳೆಯನನ್ನು ಬಿಸಿಲಲ್ಲಿ ನಿಲ್ಲಿಸಿ ಹೋದಂತಾಗಿ ಸಂಕಟವಾಗುತ್ತಿತ್ತು. ಆ ಸೋಮವಾರ ದಾಟುವಾಗ ಅವರ ಕೈಯಲ್ಲಿ ದರ್ಜಿ ಅಂಗಡಿಯ ಚೀಲವಿತ್ತು, ಚೀಲದಲ್ಲಿ ಹೊಸ ಕೋಟು. ಭಾನುವಾರ ಒಬ್ಬಳೇ ಮಗಳ ಮದುವೆ.

ಕಂಬದ ಬುಡದಲ್ಲಿ ನಿರ್ದೇಶಕರು ಫೋಟೋಗ್ರಾಫರನ ಜತೆ ಏಣಿ ಹಾಕಿಸಿಕೊಂಡು ನಿಂತಿದ್ದರು.

"ಒಳ್ಳೆ ಹೊತ್ತಿಗೆ ಬಂದ್ರಿ! ಹತ್ತಿ ಕೂತ್ಕೊಳ್ಳಿ, ವಾರ್ಷಿಕ ವರದಿಗೆ ಒಂದು ಫೋಟೋ ಬೇಕು."

"ಮನೇಲಿ ಕಾಯ್ತಿದಾರೆ ಸರ್, ಮದುವೆ ಕೆಲಸ."

"ಅಯ್ಯೋ, ಕೂತ ಹಾಗೆ ಎದ್ದು ಬನ್ನಿ."

ಪೈಲಟ್ ಹತ್ತಿದರು, ಬೆಲ್ಟ್ ಕಟ್ಟಿಕೊಂಡರು, ಹಲ್ಲು ಬಿಟ್ಟರು. ಫೋಟೋ ಚೆನ್ನಾಗಿಯೇ ಬಂತು. ತಿರುಗಿ ನೋಡಿದರೆ ಏಣಿ ಇಲ್ಲ. ನಿರ್ದೇಶಕರು ಗಂಟಲು ಸರಿಮಾಡಿಕೊಂಡು ಸುತ್ತೋಲೆ ಓದಿದರು:

"ಚಕ್ರಗಳು ನೆಲವನ್ನು ಸ್ಪರ್ಶಿಸದಿರುವ ಸಕಲ ವಿಮಾನಗಳನ್ನೂ ಹಾರಾಟದಲ್ಲಿವೆಯೆಂದು ಪರಿಗಣಿಸತಕ್ಕದ್ದು. ಹಾರಾಟದಲ್ಲಿರುವ ವಿಮಾನಕ್ಕೆ ಏಣಿ ಹಾಕತಕ್ಕದ್ದಲ್ಲ. ಹಾರಾಟದ ನಡುವೆ ಇಳಿದುಹೋಗುವ ಪೈಲಟ್‌ನನ್ನು ಪಲಾಯನಗೈದವನೆಂದು ಭಾವಿಸಿ ಆತನ ಪಿಂಚಣಿಯನ್ನು ರದ್ದುಪಡಿಸತಕ್ಕದ್ದು. ಈ ಆದೇಶವು ಫೋಟೋ ತೆಗೆದ ಕ್ಷಣದಿಂದ ಜಾರಿಗೆ ಬರತಕ್ಕದ್ದು."

"ಸರ್, ಭಾನುವಾರ ಮದುವೆ!"

"ನಮ್ಮ ವಿಮಾನ ಎಷ್ಟು ಹಾರ್ತಿವೆ ಅಂತ ಮೇಲಿನವರು ಕೇಳಿದಾರೆ. ನಾಳೆನೇ ಉತ್ತರ ಕೊಡಬೇಕು. ಈಗ ಒಂದು ಹಾರ್ತಿದೆ. ದೇಶದ ಮರ್ಯಾದೆ ಉಳಿಸಿದ್ರಿ," ಎಂದು ನಿರ್ದೇಶಕರು ಕೈಮುಗಿದರು.

ಸುದ್ದಿ ತಿಳಿದು ಹೆಂಡತಿ, ಮಗಳು ಓಡಿಬಂದರು. ಮಗಳು ಶಾಲೆಯಲ್ಲಿ ವಿಜ್ಞಾನದ ಮೇಡಂ. ಕಂಡದ್ದನ್ನು ಕಂಡ ಹಾಗೆ ಹೇಳುವ ಕೆಟ್ಟ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇತ್ತು.

"ಅಪ್ಪಾ, ಅದು ನಿಂತಿದೆ!"

"ಗೊತ್ತು ಕಣೇ. ಪಿಂಚಣಿ ಹೋಗುತ್ತೆ."

ಅವಳು ನೇರ ನಿರ್ದೇಶಕರ ಕಚೇರಿಗೆ ನುಗ್ಗಿದಳು. "ಸರ್, ಅದು ನಿಂತಿದೆ."

"ಭೂಮಿ ತಿರುಗುತ್ತೆ ಅಂತ ಮಕ್ಕಳಿಗೆ ಹೇಳ್ಕೊಡೋರು ನೀವೇ ಅಲ್ವೇನಮ್ಮಾ? ತಿರುಗೋ ಭೂಮಿ ಮೇಲೆ ಯಾವುದಾದ್ರೂ ನಿಂತಿರೋಕಾಗುತ್ತಾ?" ಎಂದು ನಿರ್ದೇಶಕರು ಅವಳಿಗೆ ಕಾಫಿ ತರಿಸಿದರು. ಅವಳು ಕಾಫಿ ಮುಟ್ಟದೆ ವಾಪಸು ಬಂದಳು.

ಹೆಂಡತಿಗೆ ಭೂಮಿಯ ಚಿಂತೆ ಇರಲಿಲ್ಲ, ಗಂಡನ ಊಟದ ಚಿಂತೆ. ಬಟ್ಟೆ ಒಣಹಾಕುವ ಗಳದ ತುದಿಗೆ ಡಬ್ಬಿ ಸಿಕ್ಕಿಸಿ ಕಿಟಕಿಗೆ ಮುಟ್ಟಿಸಿದಳು. "ರೀ, ಬಿಸಿ ಇದೆ, ಹುಷಾರು. ಮದುವೆ ಮನೆ ಕೆಲಸಾನೆಲ್ಲ ನನ್ನ ತಲೆಗೆ ಕಟ್ಟಿ, ನೀವಲ್ಲಿ ಗಾಳಿ ತಗೊಳ್ತಾ ಕೂತಿದೀರಾ?" ಮರುದಿನದ ಪತ್ರಿಕೆಯಲ್ಲಿ ಗಳದ ಚಿತ್ರ ಅಚ್ಚಾಗಿತ್ತು: "ಆಗಸದಲ್ಲೇ ಇಂಧನ ಭರ್ತಿ: ವಾಯುಪಡೆಯ ಹೊಸ ಸಾಮರ್ಥ್ಯ." ಪೈಲಟ್‌ರ ಇತರ ನಿತ್ಯಕರ್ಮಗಳಿಗೂ ಏರ್ಪಾಡಾಗಿತ್ತು. ಅದರ ವಿವರವನ್ನು ರಕ್ಷಣಾ ರಹಸ್ಯವೆಂದು ಘೋಷಿಸಲಾಗಿದೆ.

ವಾರ ಅರ್ಧ ಕಳೆಯಿತು. ಪೈಲಟ್ ಮೇಲಿನಿಂದಲೇ ಮದುವೆಗೆ ಬೇಕಾದ ಹೂವಿಗೆ ಚೌಕಾಸಿ ಮಾಡಿದರು, ನೆಂಟರಿಗೆ ದಾರಿ ತೋರಿಸಿದರು. ಸಂಜೆ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಮಾತ್ರ ಕೋಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಮಂಕಾಗುತ್ತಿದ್ದರು. ಮಗಳ ಮದುವೆಗೆ ಅಪ್ಪನೇ ಇಲ್ಲವೆಂದರೆ ಹೇಗೆ ಎಂಬುದಕ್ಕೆ ಯಾವ ಸುತ್ತೋಲೆಯಲ್ಲೂ ಉತ್ತರವಿರಲಿಲ್ಲ.

ಕೊನೆಗೆ ಇಳಿಯಲು ಅನುಮತಿ ಕೋರಿದರು. ಅನುಮತಿ ಸಿಕ್ಕಿತು: ಮೂರೂ ಚಕ್ರಗಳು ನೆಲ ಮುಟ್ಟಿದೊಡನೆ ಇಳಿಯಬಹುದು. ಆದರೆ ಕಂಬ ಸಾರ್ವಜನಿಕ ಆಸ್ತಿ, ಒಡೆಯುವಂತಿಲ್ಲ. ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತಾಗ ಭಾಮೈದನೇ ದಾರಿ ತೋರಿಸಿದ.

"ಭಾವ, ವಿಮಾನ ಇಳೀದಿದ್ರೆ ಏನಂತೆ? ನೆಲಾನ ಹತ್ತಿಸೋಣ."

ಲಾರಿಗಳು ಮಣ್ಣು ತಂದು ಸುರಿದವು. ವೃತ್ತದಲ್ಲಿ ಗುಡ್ಡವೆದ್ದಿತು. ಭಾನುವಾರ ಬೆಳಿಗ್ಗೆ ಹಿಂದಿನ ಎರಡು ಚಕ್ರಗಳು ಮಣ್ಣು ಮುಟ್ಟಿದವು. ಮೂಗೆತ್ತಿ ನಿಲ್ಲಿಸಿದ್ದರಿಂದ ಮುಂದಿನ ಚಕ್ರ ಮಾತ್ರ ಇನ್ನೂ ಗಾಳಿಯಲ್ಲಿತ್ತು, ಮತ್ತು ಮಂಜೂರಾದ ಮಣ್ಣು ಮುಗಿದಿತ್ತು.

"ಇನ್ನೊಂದು ಲಾರಿಗೆ ಹೊಸ ಟೆಂಡರ್ ಕರೀಬೇಕು," ಎಂದ ಭಾಮೈದ. ಪೈಲಟ್ ಕೋಟು ತೊಟ್ಟು, ಬೆಲ್ಟ್ ಬಿಚ್ಚಿ ಕೂತಿದ್ದರು. ಮುಹೂರ್ತ ಹತ್ತಿರವಾಗಿತ್ತು.

ಆಗ ಮದುವೆ ಉಡುಪಿನಲ್ಲೇ ಮಗಳು ಬಂದಳು. ಗುಡ್ಡ ನೋಡಿದಳು, ಚಕ್ರ ನೋಡಿದಳು, ಅಪ್ಪನ ಮುಖ ನೋಡಿದಳು. ಭೌತವಿಜ್ಞಾನವನ್ನು ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಮಣ್ಣು ಬಾಚಿ ಚಕ್ರದಡಿ ತುಂಬತೊಡಗಿದಳು. ನೋಡುತ್ತಿದ್ದ ಮೀನಿನವಳು ಬುಟ್ಟಿ ಖಾಲಿ ಮಾಡಿ ಕೈಜೋಡಿಸಿದಳು. ಟ್ರಾಫಿಕ್ ಪೊಲೀಸ್ ತಮ್ಮ ಟೋಪಿಯಲ್ಲಿ ಮಣ್ಣು ಹೊತ್ತರು. ನಿರ್ದೇಶಕರು ಬಗ್ಗಿ ನೋಡಿ, "ಇನ್ನೂ ಒಂದು ಬೆರಳಷ್ಟು ಹಾರ್ತಿದೆ," ಎಂದರು. ಮಗಳು ಕೊನೆಯ ಹಿಡಿ ಮಣ್ಣು ಮೆತ್ತಿ, ಎದ್ದು ನಿಂತು, ಮಾರುಕಟ್ಟೆಗೆಲ್ಲ ಕೇಳುವಂತೆ ಕೂಗಿದಳು:

"ಅಪ್ಪಾ, ಇಳೀತು! ವಿಮಾನ ಇಳೀತು!"

ಜನ ಚಪ್ಪಾಳೆ ತಟ್ಟಿದರು. ಪೈಲಟ್ ಗುಡ್ಡದ ಮೇಲೆ ಕಾಲಿಟ್ಟು ಮಗಳನ್ನು ತಬ್ಬಿಕೊಂಡು ಅತ್ತೇಬಿಟ್ಟರು. ಕೋಟೆಲ್ಲ ಮಣ್ಣಾಯಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮದುವೆ ಹೊತ್ತಿಗೆ ಸರಿಯಾಗಿ ನಡೆಯಿತು. ಹಾರಾಟದ ಅವಧಿಯಲ್ಲೂ, ಇಳಿದ ನಯದಲ್ಲೂ ಇದು ದೇಶದ ದಾಖಲೆಯೆಂದು ನಿರ್ದೇಶಕರು ಊಟದ ಸಾಲಿನಲ್ಲಿ ಘೋಷಿಸಿದರು. ಮರುದಿನ ಭಾಮೈದ ಮಣ್ಣು ತೆಗೆಯುವ ಮೊದಲು ಪೈಲಟ್ ಹೋಗಿ ಕೂತರು. ಇಲ್ಲದಿದ್ದರೆ ವಿಮಾನ ಅವರನ್ನು ಬಿಟ್ಟು ಹಾರಿಬಿಡುತ್ತಿತ್ತು.

ಈಗ ಊರಿನ ಎಲ್ಲ ವೃತ್ತಗಳಲ್ಲೂ ವಿಮಾನಗಳು ಹಾರುತ್ತಿವೆ. ಅಪಘಾತವೆಂಬುದೇ ಇಲ್ಲ. ಪೈಲಟ್‌ಗಳು ರಜೆ ಕೇಳಿದಾಗಲೆಲ್ಲ ಮಣ್ಣು ಬರುತ್ತದೆ, ಹೋಗುತ್ತದೆ. ಭಾಮೈದನಿಗೆ ಕೈತುಂಬ ಕೆಲಸ. ಹೊಸ ವಿಮಾನಗಳೂ ನಿಜವಾಗಿಯೇ ಮುಂದಿನ ವರ್ಷ ಬರುತ್ತಿವೆ. ಎಂಜಿನ್ ಬೇಡವೆಂದು ಬರೆದು ತಿಳಿಸಿದ್ದರಿಂದ ಕಾರ್ಖಾನೆ ಬೇಗ ಒಪ್ಪಿತಂತೆ.

ಮೊನ್ನೆ ಮಗಳು ಗಂಡನ ಜತೆ ಕೂಸನ್ನೆತ್ತಿಕೊಂಡು ವೃತ್ತಕ್ಕೆ ಬಂದಿದ್ದಳು.

"ನೋಡು ಪುಟ್ಟಾ, ತಾತ ಮೇಲೆ ಕೂತಿದಾರೆ," ಎಂದ ಅಳಿಯ.

"ಕೂತಿರೋದಲ್ಲ, ಹಾರ್ತಿದಾರೆ," ಎಂದು ಅವಳು ಗಂಡನನ್ನು ತಿದ್ದಿದಳು. ಆಮೇಲೆ ಕತ್ತೆತ್ತಿ ಕೂಗಿದಳು: "ಅಪ್ಪಾ, ಇವತ್ತು ಗಾಳಿ ಜೋರಾಗಿದೆ. ನಿಧಾನಕ್ಕೆ ಹೋಗು!"

ಹಿರಿಯ ಪೈಲಟ್ ಕೈಬೀಸಿ, ವೇಗ ತಗ್ಗಿಸಿದರು.