ಕರಗುವ ಸ್ಕ್ರೂ, ಹುಳಿಯಿಲ್ಲದ ಬಂಗುಡೆ

ಸುಮ್ಮನೆ ಕುಳಿತುಕೊಳ್ಳುವುದೂ ಒಂದು ವಿದ್ಯೆ. ಅದು ನನ್ನ ತಲೆಗೆ ಹತ್ತಲೇ ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ "ಕೈಕಟ್ಟಿ ಕೂತ್ಕೊಳ್ಳಿ" ಎಂದರೆ ಕೈ ಕಟ್ಟಿಕೊಂಡು, ಬೂಟಿನೊಳಗೆ ಕಾಲ್ಬೆರಳು ಕುಣಿಸುತ್ತಿದ್ದವಳು ನಾನು. ಅಂಥವಳು ಫ್ಯಾನಿನ ಧೂಳು ಒರೆಸಲು ಸ್ಟೂಲು ಹತ್ತಿ, ಇಳಿಯುವಾಗ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು ಪಾದದ ಗಂಟಿನ ಎಲುಬು ಮುರಿದುಕೊಂಡೆ. ಆರು ವಾರ ಕಾಲು ಊರುವಂತಿಲ್ಲ. ದರ್ಬೆಯ ನಮ್ಮ ಮನೆಯ ಜಗಲಿಯಲ್ಲಿ ಒಂದು ಕುರ್ಚಿಯಲ್ಲಿ ನಾನು, ಎದುರಿನ ಕುರ್ಚಿಯಲ್ಲಿ ನನ್ನ ಕಾಲು. ಆಚೆಮನೆಯ ಹಗ್ಗದಲ್ಲಿ ಯಾವ ಅಂಗಿಗೆ ಎಷ್ಟು ಗುಂಡಿ ಕಡಿಮೆ ಎಂಬುದು ಮೂರನೇ ದಿನಕ್ಕೇ ಬಾಯಿಪಾಠವಾಯಿತು.

ಆಪರೇಶನ್ ಮಾಡಿ ಡಾಕ್ಟರು ಹಾಕಿದ್ದು ಕರಗುವ ಸ್ಕ್ರೂ. "ಸ್ಟೀಲಿಂದಾದ್ರೆ ಕೆಲವೊಮ್ಮೆ ತೆಗಿಲಿಕ್ಕೆ ಇನ್ನೊಂದು ಆಪರೇಶನ್ ಬೇಕಾಗ್ತದೆ. ಇದು ಎಲುಬು ಕೂಡುವವರೆಗೆ ಹಿಡ್ಕೊಳ್ತದೆ, ಮತ್ತೆ ನಿಧಾನ ಕರಗಿ ಹೋಗ್ತದೆ" ಎಂದಿದ್ದರು. ಒಳ್ಳೆಯ ಸುದ್ದಿಯೇ. ಆದರೆ ಕೆಲಸವಿಲ್ಲದೆ ಕುಳಿತವಳಿಗೆ ಅಷ್ಟೇ ಸಾಕಾಯಿತು. ಎಲುಬು ಕೂಡುವ ಮೊದಲೇ ಅದು ಕರಗಿದರೆ? ಮತ್ತೆ ಆಪರೇಶನ್, ಮತ್ತೆ ಆರು ವಾರ ಇದೇ ಕುರ್ಚಿ!

ಈ ಸಂಶಯವನ್ನು ಗುತ್ತಿಗಾರಿನ ಅತ್ತೆಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಹುಳಿ ಬಿಡು ಮಾರಾಯ್ತಿ. ಹುಣಸೆಹುಳಿ ಹಾಕಿ ತಿಕ್ಕಿದ್ರೆ ದೀಪದ ಕಿಲುಬೇ ಹೋಗ್ತದೆ, ಆ ಸ್ಕ್ರೂ ಎಂತ ಲೆಕ್ಕ?" ಎಂದರು. ಶಾಲೆಯಲ್ಲಿ ವಿಜ್ಞಾನಕ್ಕೆ ಬಹುಮಾನ ತೆಗೆದುಕೊಂಡ ನಾನು ನಗಬೇಕಿತ್ತು. ನಗಲಿಲ್ಲ. ಅಂದಿನಿಂದ ಮನೆಯಲ್ಲಿ ಹುಣಸೆ, ಮಜ್ಜಿಗೆ, ಉಪ್ಪಿನಕಾಯಿ ಎಲ್ಲ ಬಂದ್. ಅಡುಗೆ ಈಗ ಗಂಡನ ಪಾಲಿಗೆ ಬಂದಿತ್ತು. "ಎರಡೆರಡು ಸಾರು ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ. ನಿನಗಿಲ್ಲದ್ದು ನನಗೂ ಬೇಡ" ಎಂದು ಅವರು ಹುಳಿಯಿಲ್ಲದ ಬಂಗುಡೆ ಮೀನಿನ ಸಾರನ್ನು ಕಣ್ಣುಮುಚ್ಚಿ ನುಂಗತೊಡಗಿದರು. ಪಾಪ.

ನಾಲ್ಕನೇ ವಾರ ಮುಗಿದಾಗ ಪಕ್ಕದ ಮನೆಯ ಜೊಹರಾ ಪುನರ್ಪುಳಿ ಹಣ್ಣಿನ ಹುಳಿಹುಳಿ ಶರಬತ್ತು ತಂದಳು. "ಎಂತ ನಿನ್ನ ಮುಖ ಹಪ್ಪಳದ ಹಾಗೆ ಒಣಗಿದ್ದು? ಕುಡಿ!" ಗ್ಲಾಸಿನ ಹೊರಗೆ ನೀರ ಹನಿಗಳು, ಒಳಗೆ ಆ ಕೆಂಪು. ಒಂದು ಗುಟುಕು ಎಂದು ಶುರುವಾದದ್ದು ದಿನಾ ಹನ್ನೊಂದು ಗಂಟೆಯ ಪದ್ಧತಿಯಾಯಿತು. ಕುಡಿದ ಮೇಲೆ ಗಾಬರಿಯಾಗಿ, ಪಟ್ಟಿಯ ಮೇಲಿಂದಲೇ ಗಂಟನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಮರುದಿನ ಹತ್ತೂವರೆಗೇ ಜೊಹರಾಳ ಗೇಟಿನ ಸದ್ದಿಗೆ ಕಿವಿ ನಿಗುರುತ್ತಿತ್ತು.

ಆರು ವಾರ ಕಳೆದು ತಪಾಸಣೆಗೆ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಹಿಂದೊಮ್ಮೆ ಭಾವ ಕೈ ಮುರಿದುಕೊಂಡಾಗ ಅವರ ಎಕ್ಸ್‌ರೇಯಲ್ಲಿ ಸ್ಟೀಲಿನ ಸ್ಕ್ರೂಗಳು ಬೇಲಿಗೂಟದ ಹಾಗೆ ಬೆಳ್ಳಗೆ ನಿಂತಿದ್ದವು. ನನ್ನದರಲ್ಲಿ ಬರೀ ಎಲುಬು. ಸ್ಕ್ರೂ ಇಲ್ಲ!

"ಡಾಕ್ಟ್ರೇ, ತಪ್ಪು ನನ್ನದೇ" ಎಂದೆ, ಕಾನ್ವೆಂಟಿನ ಸಿಸ್ಟರ್ ಮುಂದೆ ನಿಂತವಳ ಹಾಗೆ. "ಎರಡು ವಾರ ದಿನಾ ಒಂದು ಗ್ಲಾಸು ಪುನರ್ಪುಳಿ ಕುಡಿದೆ. ಭಾನುವಾರ ಎರಡು."

ಡಾಕ್ಟರು ಇವರ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು.

"ಕುಡಿದ್ರೆ ಎಂತಾಯ್ತು? ಈ ಸ್ಕ್ರೂ ಎಕ್ಸ್‌ರೇಯಲ್ಲಿ ಕಾಣುದೇ ಇಲ್ಲ ಮಾರಾಯ್ರೆ. ಅಲ್ಲೇ ಉಂಟು. ಎಲುಬು ಚಂದ ಕೂಡ್ತಾ ಉಂಟು. ಇನ್ನು ಕೋಲು ಹಿಡ್ಕೊಂಡು ನಿಧಾನ ನಡೀರಿ. ಹುಳಿ ಬೇಕಾದಷ್ಟು ತಿನ್ನಿ."

ಇವರು ಮನೆಗೆ ಬಂದವರೇ ಮುಷ್ಟಿ ತುಂಬ ಹುಣಸೆ ನೆನೆಹಾಕಿ ಬಂಗುಡೆ ಸಾರು ಮಾಡಿ, ಮೂರು ಸಲ ಬಡಿಸಿಕೊಂಡು ಉಂಡರು. ಆಮೇಲೆ ಕೇಳಿದರು: "ಭಾನುವಾರ ಎರಡಾ?"

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲಿಟ್ಟೆ. "ಎಲುಬು ಕೂಡಿತಂತೆ! ನೋಡು, ನಾನು ಹೇಳಿದ ಪಥ್ಯ ಮಾಡಿದ್ದಕ್ಕೆ ಅಲ್ವಾ?"

ಇವರು ಬೆರಳು ನೆಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಹೌದು ಅತ್ತೆ" ಎಂದೆ, ಕೈಕಟ್ಟಿ ಕುಳಿತು. ಮೇಜಿನಡಿಯಲ್ಲಿ ಕಾಲ್ಬೆರಳು ಕುಣಿಯುತ್ತಿತ್ತು.