ಅನುಮಾನಪ್ಪನ ಎರವಲು ಕಣ್ಣು

"ಕನ್ನಡಕ ಬಿಡಿಸ್ತೀವಿ ಅಂತ ಬಾಗಿಲಲ್ಲಿ ಬೋರ್ಡು ಹಾಕಿದೀವಿ. ಒಳಗೆ ಬಂದ್ರೆ ಸೋಡಾ ಬಾಟ್ಲಿ ಗಾಜು ಏರಿಸ್ಕೊಂಡು ನೀವು ಕೂತಿರ್ತೀರ! ಪೇಷೆಂಟು ನನ್ನ ನಂಬ್ತಾನೇನ್ರೀ?" ಎಂದರು ಕಣ್ಣಾಸ್ಪತ್ರೆಯ ಡಾಕ್ಟರಮ್ಮ. "ಇವತ್ತೇ ನಿಮಗೆ ಲೇಸರ್, ಪುಕ್ಕಟೆ. ಕಣ್ಣು ಒಪ್ಪದಿದ್ರೆ ನಾಳೆಯಿಂದ ಕೆಳಗಡೆ ನಮ್ಮ ಕನ್ನಡಕದಂಗಡೀಲಿ ಕೆಲಸ."

ಅನುಮಾನಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಆ ಅಂಗಡಿ ನೋಡಿಕೊಳ್ಳುತ್ತಿದ್ದವನು ಅವನ ಹೆಂಡತಿಯ ತಮ್ಮ. ಮನೆಯಲ್ಲಿ ಅಕ್ಕನ ಕೈಕೆಳಗೆ, ಇಲ್ಲಿ ತಮ್ಮನ ಕೈಕೆಳಗೆ! ಬಾಣಲೆಯಿಂದ ಬೆಂಕಿಗೆ ಬೀಳುವುದು ಅಂದರೆ ಇದೇ ತಾನೇ?

ಅನುಮಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಲೇಸರ್‌ಗೆ ಬಂದವರ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಹೇಗೆ ಬಾಗಿದೆ ಎಂದು ಸ್ಕ್ಯಾನ್ ಮಾಡಿ ಬಣ್ಣದ ನಕ್ಷೆ ತೆಗೆಯುವುದು ಅವನ ಕೆಲಸ. ನಕ್ಷೆ ಸಮನಾಗಿದ್ದರೆ 'ಸರಿ'. ಕೆಳಗೆ ಕೆಂಪಗೆ ಉಬ್ಬಿದ್ದರೆ 'ಕೋನ್', ಅಂಥ ಕಣ್ಣಿಗೆ ಲೇಸರ್ ತಾಗಿಸಲೇಬಾರದು. ನಡುವಿನದು 'ಅನುಮಾನ'. ಇವನೋ, ಸೊಟ್ಟಗಿದ್ದದ್ದನ್ನೂ ಸೊಟ್ಟಗಿರಬಹುದಾದದ್ದನ್ನೂ ಅನುಮಾನಕ್ಕೇ ತಳ್ಳುತ್ತಿದ್ದ. ಹೆಸರು ಅಂಟಿಕೊಂಡಿತು.

ಈಗ ತನ್ನ ಕಣ್ಣನ್ನೇ ಸ್ಕ್ಯಾನ್ ಮಾಡಬೇಕು. ಮೆಷಿನ್ನಿಗೆ ಗಲ್ಲ ಇಟ್ಟರೆ ಕೈಗೆ ಗುಂಡಿ ಎಟುಕದು, ಗುಂಡಿ ಒತ್ತಲು ಬಂದರೆ ಗಲ್ಲ ಅಲ್ಲಿರದು. ಎರಡು ಸಲ ಓಡಾಡಿ ಏದುಸಿರು ಬಿಟ್ಟು ರಿಸೆಪ್ಶನ್ ಹುಡುಗಿಯನ್ನು ಕರೆದ.

"ಎಡಕ್ಕೆ! ಎಡಕ್ಕೆ ಅಂದೆ ಕಣಮ್ಮ!" ಎಂದು ಗಲ್ಲ ಇಟ್ಟಲ್ಲಿಂದಲೇ ಕೂಗಿದ.

"ಅಣ್ಣಾ, ಬಾಯಿ ಮುಚ್ಚಿ. ಇಲ್ಲಾಂದ್ರೆ ನಿಮ್ಮ ಹಲ್ಲಿನ ನಕ್ಷೆ ಬರುತ್ತೆ."

ಬಂದ ನಕ್ಷೆಯ ಕೆಳಗಡೆ ತಿಳಿಗೆಂಪು ಕಾಣಿಸಿತು. ವಾಚ್‌ಮನ್ನು, ನರ್ಸಕ್ಕ ಎಲ್ಲ ಬಂದು ಮುತ್ತಿಕೊಂಡರು.

"ಕೋಳಿಮೊಟ್ಟೆ ಇದ್ದಂಗಿದೆ, ಒಳ್ಳೇದೇ," ಎಂದ ವಾಚ್‌ಮನ್.

"ಮೊಟ್ಟೆ ಹಿಂಗೆ ಜೋತು ಬಿದ್ದಿರುತ್ತಾ? ಇದು ಬದನೆಕಾಯಿ," ಎಂದಳು ನರ್ಸಕ್ಕ. "ಅಣ್ಣಾ, ಬೇರೆಯವರದಾಗಿದ್ರೆ ನೀವು ಏನಂತಿದ್ರಿ?"

"ಅನುಮಾನ," ಎಂದ ಅನುಮಾನಪ್ಪ ಅಳುದನಿಯಲ್ಲಿ.

ಸುದ್ದಿ ತಿಳಿದು ಭಾವಮೈದ ಮೇಲೆ ಬಂದ. ಎಲ್ಲರೂ ಚದುರಿದ ಮೇಲೆ ಪಿಸುಗುಟ್ಟಿದ. "ಭಾವ, ನೀವು ಅಂಗಡಿಗೆ ಬಂದ್ರೆ ನನಗೂ ತಲೆನೋವೇ. ನನ್ನ ಕಣ್ಣು ಸ್ಕ್ಯಾನ್ ಮಾಡಿ ನಿಮ್ಮ ಹೆಸರು ಹಾಕ್ಕೊಳ್ಳಿ. ಹುಟ್ಟಿದಾಗ್ಲಿಂದ ಕನ್ನಡಕ ಹಾಕಿಲ್ಲ. ಹದ್ದಿನ ಕಣ್ಣು ನಂದು!"

ಲೇಸರ್ ತನ್ನ ಕಣ್ಣಿಗೇ ಬೀಳುತ್ತದೆ ಎಂಬ ಭಯ ಅನುಮಾನಪ್ಪನಿಗೆ ಇರಲಿಲ್ಲವೆಂದಲ್ಲ. ಅಂಗಡಿಯ ಭಯ ಅದಕ್ಕಿಂತ ದೊಡ್ಡದಿತ್ತು. ಬಾಗಿಲು ಮುಚ್ಚಿ, ಭಾವಮೈದನ ಗಲ್ಲ ಇಡಿಸಿ, ತನ್ನ ಹೆಸರು ಟೈಪ್ ಮಾಡಿ ಗುಂಡಿ ಒತ್ತಿದ.

ಪರದೆಯ ಮೇಲೆ ಕಡುಗೆಂಪು ಉಬ್ಬು, ಯಾರೋ ಗುದ್ದಿ ಬಾತುಕೊಂಡ ಹಾಗೆ. ಮೊದಲ ಸಲ ಅನುಮಾನಪ್ಪನಿಗೆ ಅನುಮಾನವೇ ಉಳಿಯಲಿಲ್ಲ. ಕೋನ್!

ಅಳಿಸಲು ಕೈ ಚಾಚುವಷ್ಟರಲ್ಲಿ ಡಾಕ್ಟರಮ್ಮ ಓಡಿ ಬಂದರು. ನಕ್ಷೆ ಅವರ ಕಂಪ್ಯೂಟರಿಗೂ ಹೋಗಿತ್ತು.

"ಅಯ್ಯೋ, ಇದು ನಿಮ್ಮ ಕಣ್ಣೇನ್ರೀ? ಬೇಗ ಚಿಕಿತ್ಸೆ ಶುರು ಮಾಡದಿದ್ರೆ ದೃಷ್ಟಿಗೇ ಕುತ್ತು!"

ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ, ಬಿಡದಿದ್ದರೆ ಹುಡುಗನ ಕಣ್ಣು ಹೋಗುತ್ತೆ. ಎಷ್ಟು ಕಾಡಿದರೂ ಹೆಂಡತಿಗೆ ಇರುವವನು ಒಬ್ಬನೇ ತಮ್ಮ. ಅನುಮಾನಪ್ಪ ಭಾವಮೈದನನ್ನು ಮುಂದಕ್ಕೆ ತಳ್ಳಿದ. "ನಂದಲ್ಲ ಮೇಡಂ, ಇವನದು," ಎಂದುಬಿಟ್ಟ.

ಡಾಕ್ಟರಮ್ಮ ಕಣ್ಣು ಕೆಂಪು ಮಾಡಿಕೊಂಡು ಅನುಮಾನಪ್ಪನನ್ನು ಕೂರಿಸಿ ತಾವೇ ಸ್ಕ್ಯಾನ್ ಮಾಡಿದರು. ನಕ್ಷೆ ಎಲ್ಲ ಕಡೆ ಸಮನಾಗಿತ್ತು.

"ಪಕ್ಕಾ ಸರಿ ಇದೆಯಲ್ರೀ! ಆಗ ನನ್ನ ರೂಮಿಗೂ ಕೇಳೋ ಹಾಗೆ ಕೂಗಾಡ್ತಾ ಗಲ್ಲ ಓರೆ ಮಾಡಿದೀರ, ಅದಕ್ಕೆ ಕೆಂಪು ಬಂದಿದೆ. ಸುಮ್ನೆ ಕೂತಿದ್ರೆ ಇಷ್ಟು ಹೊತ್ತಿಗೆ ಲೇಸರ್ ಮುಗೀತಿತ್ತು. ಇನ್ನೊಬ್ಬರ ಕಣ್ಣನ್ನ ನಂದು ಅನ್ನೋನನ್ನ ಮೆಷಿನ್ ಹತ್ರ ಬಿಡೋಕಾಗುತ್ತಾ? ನಡೀರಿ ಅಂಗಡಿಗೆ. ಅಲ್ಲಿ ಕನ್ನಡಕ ಇರೋರೇ ಚಂದ, ಲೇಸರ್ ಬೇಡ."

ಸಂಜೆ ಅನುಮಾನಪ್ಪ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದ. ಭಾವಮೈದ ಕುರ್ಚಿಯಲ್ಲಿ ಒರಗಿಕೊಂಡು ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದ. "ಹೂಂ ಅಕ್ಕಾ, ನನ್ನ ಕಣ್ಣು ಉಳಿಸಿದ್ದೇ ಭಾವ. ದೇವರಂಥ ಮನುಷ್ಯ. ಗಾಜು ಒರೆಸೋಕೆ ಮಾತ್ರ ಬರಲ್ಲ." ಆಮೇಲೆ ಇತ್ತ ತಿರುಗಿದ. "ಭಾವ, ಕಲೆ ಹೋಯ್ತಾ ಅಂತ ಅಕ್ಕ ಕೇಳ್ತಿದಾಳೆ."

ಅನುಮಾನಪ್ಪ ಗಾಜನ್ನು ಬೆಳಕಿಗೆ ಹಿಡಿದು ನೋಡಿದ.

"ಅನುಮಾನ," ಎಂದ.