ಇಳಿಸಲು ಬೇಕಾದಷ್ಟು ಹೊಗೆ

ಪರಿಸರ ಕಚೇರಿಯವರು ಕಂಬಕ್ಕೆ ಅಂಟಿಸಿ ಹೋದ ಒಂದು ಕಾಗದದಿಂದ ಇಸ್ತ್ರಿಯವನಿಗೆ ಗ್ರಹಚಾರ ಶುರುವಾಯಿತು. ಅದನ್ನು ಅವನೇ ಓದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಓದಿ ಹೇಳಿದವನು ಪಕ್ಕದ ಕಟಿಂಗ್ ಅಂಗಡಿಯವನು. ಒಂದು ಸಾಲು ಓದಿದರೆ ನಾಲ್ಕು ಸಾಲು ಅರ್ಥ ಹೇಳುವ ಮನುಷ್ಯ.

“ಕೇಳಿಸ್ಕೋ. ‘ಭೂಮಿ ಬಿಸಿಯಾಗುವುದನ್ನು ತಡೆಯುವ ಸಲುವಾಗಿ, ಈ ಬೀದಿಯಲ್ಲಿ ಅತಿ ಹೆಚ್ಚು ಹೊಗೆ ಇಳಿಸಿದ ಒಂದು ಅಂಗಡಿಗೆ ಕರೆಂಟಿನ ಯಂತ್ರ ಉಚಿತ. ಇಂದು ಮಧ್ಯಾಹ್ನ ಮೂರು ಗಂಟೆಗೆ ಹೊಗೆ ಅಳೆಯಲಾಗುವುದು.’ ನಿನಗೆ ಬಂದ್ರೆ ಯಾವ ಯಂತ್ರ ಹೇಳು? ಕಾಲಲ್ಲಿ ಒತ್ತಿದ್ರೆ ತಾನೇ ಇಸ್ತ್ರಿ ಆಗತ್ತಲ್ಲ, ಅದು!”

ಇಸ್ತ್ರಿಯವನ ಕೈ ತನ್ನಷ್ಟಕ್ಕೆ ಬಲ ಹೆಗಲಿನ ಮೇಲೆ ಹೋಯಿತು. ಮೂವತ್ತು ವರ್ಷ ಪೆಟ್ಟಿಗೆ ಎಳೆದ ಹೆಗಲು. ಹೀಗೇ ಇನ್ನೊಂದು ವರ್ಷ ತಳ್ಳಿದರೆ ಕೈ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಾಲಲ್ಲಿ ಒತ್ತುವ ಯಂತ್ರ ಸಿಕ್ಕಿದರೆ ಕೈ ಉಳಿಯುತ್ತದೆ, ಅಂಗಡಿಯೂ ಉಳಿಯುತ್ತದೆ.

“ಹಾಗಾದ್ರೆ ನನಗೇ ಬರತ್ತೆ ಬಿಡು. ನಾನು ಇದ್ದಿಲು ಬಿಟ್ಟು, ಕರೆಂಟ್ ಪೆಟ್ಟಿಗೆ ಹಿಡಿದು ಒಂದೂವರೆ ವರ್ಷ ಆಯ್ತಲ್ಲ!”

ಕಟಿಂಗ್‌ನವನು ಕೈಲಿದ್ದ ಬಾಚಣಿಗೆಯನ್ನು ಮೇಷ್ಟ್ರ ಕೋಲಿನಂತೆ ಎತ್ತಿದ. “ಅಯ್ಯೋ ಪೆದ್ದೇ, ನಿನಗಿರೋ ತೊಂದ್ರೇನೇ ಅದು. ಇಳಿಸಬೇಕು ಅಂದ್ರೆ ಮೊದಲು ಹೊಗೆ ಇರಬೇಕಲ್ಲ? ಇವತ್ತು ಅಳೀತಾರೆ. ಆರು ತಿಂಗಳು ಬಿಟ್ಟು ಬಂದು ಮತ್ತೆ ಅಳೀತಾರೆ. ಎಷ್ಟು ಇಳೀತೋ ಅಷ್ಟು ನಂಬರು. ತೂಕ ಇಳಿಸೋ ಪಂದ್ಯಕ್ಕೆ ಒಣಕಲ ಹೋದ್ರೆ ಗೆಲ್ತಾನೇನೋ? ಗೆಲ್ಲೋನು ಡುಮ್ಮ. ಇದಕ್ಕೇ ಅರ್ಥಶಾಸ್ತ್ರ ಅನ್ನೋದು.”

ಎದುರು ಬದಿಯ ಟೀ ಅಂಗಡಿಯವನು ಲೋಟ ತೊಳೆಯುತ್ತಾ ತಲೆಯಾಡಿಸಿದ. “ಅಣ್ಣ ಹೇಳೋದು ಸರಿ ಕಣೋ. ಒಳ್ಳೇವ್ರಿಗೆ ಯಾರು ಕೊಡ್ತಾರೆ? ಕೆಟ್ಟೋರು ಸ್ವಲ್ಪ ಒಳ್ಳೇವ್ರಾದ್ರೆ ಕೊಡ್ತಾರೆ.”

ಇಸ್ತ್ರಿಯವನಿಗೆ ಹೌದೆನ್ನಿಸಿತು. ಬಾಗಿಲಿಗೆ ಒತ್ತು ಕೊಟ್ಟು ಇಟ್ಟಿದ್ದ ಹಳೇ ಇದ್ದಿಲ ಪೆಟ್ಟಿಗೆಯನ್ನು ಎತ್ತಿ ಧೂಳು ಊದಿದ. ಒಳಗಿನಿಂದ ಹೆಂಡತಿ ಬಂದಳು.

“ರೀ, ಅದ್ಯಾಕೆ ಈಗ ಕೈಗೆ ಬಂತು?”

“ಇವತ್ತೊಂದಿನ ಕಣೇ. ಯಂತ್ರ ಬರತ್ತೆ.”

“ನನ್ನ ಕೆಮ್ಮು ನಿಲ್ಲಲಿ ಅಂತ ತಾನೇ ಇದನ್ನ ಬಿಟ್ಟಿದ್ದು? ಈಗ ಹೊಗೆ ಇಳಿಸೋದಕ್ಕೋಸ್ಕರ ಹೊಗೆ ಹಾಕ್ತೀರಾ?”

“ನಿನಗೆ ಅರ್ಥಶಾಸ್ತ್ರ ಗೊತ್ತಾಗಲ್ಲ.”

“ನಿಮಗೆ ಯಾವಾಗಿಂದ ಗೊತ್ತಾಯ್ತು?”

“ಬೆಳಗ್ಗೆಯಿಂದ.”

ಅವಳು ಸೆರಗನ್ನು ಮೂಗಿಗೆ ಹಿಡಿದು ಅಕ್ಕನ ಮನೆಗೆ ಹೊರಟೇಹೋದಳು.

ಇದ್ದಿಲು ಎಲ್ಲಿಂದ ತರುವುದು? ಟೀಯವನು ಧಾರಾಳಿ. ತನ್ನ ಒಲೆಯ ಪಕ್ಕ ಇದ್ದ ಚೀಲವನ್ನೇ ದರದರ ಎಳೆದು ತಂದ. “ಪೂರ್ತಿ ತಗೋ. ಬೇಕಾದ್ರೆ ನನ್ನ ಒಲೆ ಕೆಂಡಾನೂ ತಗೋ. ಇವತ್ತು ಮಧ್ಯಾಹ್ನ ಅಂಗಡಿ ರಜ, ನಿನ್ನ ತಮಾಷೆ ನೋಡ್ತೀನಿ.”

ಕೆಂಡ ಬಿತ್ತು, ಇದ್ದಿಲು ಬಿತ್ತು, ಪೆಟ್ಟಿಗೆ ಕೆಂಪಗಾಯಿತು. ಆದರೆ ಹೊಗೆ ಮಾತ್ರ ಇಲ್ಲ. ಒಳ್ಳೇ ಇದ್ದಿಲು, ಚೆನ್ನಾಗಿ ಒಣಗಿದ್ದು. ಸಾಧುವಿನಂತೆ ಸದ್ದಿಲ್ಲದೆ ಉರಿಯಿತು. ಗಂಟೆ ಎರಡಾಗಿತ್ತು.

“ನೀರು ಚಿಮುಕಿಸು,” ಅಂದ ಕಟಿಂಗ್‌ನವನು.

ಚಿಮುಕಿಸಿದರೆ ಒಂದು ಬೀಡಿಯಷ್ಟು ಹೊಗೆ ಬಂತು. ಆಗ ಚೀಲದ ಇದ್ದಿಲನ್ನೆಲ್ಲ ತೋಯಿಸಿ, ಒಂದು ಒಡಕು ಬಾಂಡಲಿಯಲ್ಲಿ ಸುರಿದು, ಪೆಟ್ಟಿಗೆಯ ಪಕ್ಕ ಇನ್ನೊಂದು ಬೆಂಕಿ ಮಾಡಿದರು. ಹೊಗೆ ಎದ್ದಿತು, ಆದರೂ ಸೋಮಾರಿಯ ಹಾಗೆ. ಕಟಿಂಗ್‌ನವನು ತನ್ನ ಅಂಗಡಿಗೆ ಓಡಿ, ಬೆಳಗಿನಿಂದ ಗುಡಿಸಿ ರಾಶಿ ಹಾಕಿದ್ದ ಕೂದಲನ್ನು ಮೊರದ ತುಂಬ ತಂದು ಬಾಂಡಲಿಗೆ ಸುರಿದ.

ಆಮೇಲೆ ಬಂದದ್ದನ್ನು ಹೊಗೆ ಅಂದರೆ ಕಡಿಮೆಯಾದೀತು. ಹಳದಿ, ಕಪ್ಪು, ನಡುವೆ ಒಂಥರಾ ಹಸಿರು. ಹನ್ನೊಂದು ಜನರ ತಲೆ ಒಟ್ಟಿಗೆ ಸುಡುವ ವಾಸನೆ. ಬೀದಿಯ ನಾಯಿಗಳು ಒಂದರ ಹಿಂದೆ ಒಂದು ಬೇರೆ ಬೀದಿ ಹಿಡಿದವು. ಮಹಡಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದ ಹೆಂಗಸು ಬಗ್ಗಿ ನೋಡಿ, “ಯಾರೋ ಅದು, ಯಾರನ್ನೋ ಸುಡ್ತಿರೋದು!” ಎಂದು ಕಿರುಚಿ ಒಂದು ಬಕೆಟ್ ನೀರು ಸುರಿದಳು. ಅರ್ಧ ಇಸ್ತ್ರಿಯವನ ತಲೆಗೆ, ಅರ್ಧ ಬಾಂಡಲಿಗೆ. ಹೊಗೆ ಎರಡರಷ್ಟಾಯಿತು.

“ದೇವರ ಹಾಗೆ ಬಂದ್ರಿ ಅಕ್ಕಾ!” ಎಂದ ಕಟಿಂಗ್‌ನವನು ಮೇಲೆ ನೋಡಿ.

ಅಷ್ಟರಲ್ಲಿ ವಕೀಲರು ತಮ್ಮ ಬಿಳಿ ಅಂಗಿಗಳಿಗಾಗಿ ಬಂದರು. ಅಂಗಿಗಳು ಅಲ್ಲೇ ನೇತಾಡುತ್ತಿದ್ದವು, ಆದರೆ ಕರಿ ಕೋಟಿಗೂ ಅವಕ್ಕೂ ಈಗ ಹೆಚ್ಚು ವ್ಯತ್ಯಾಸ ಇರಲಿಲ್ಲ. ವಕೀಲರು ಬಾಯಿ ತೆರೆದರು. ಹೊಗೆ ಒಳಗೆ ಹೋಯಿತು. ವಾದ ಮಂಡಿಸಲಾಗದೆ ಕೆಮ್ಮುತ್ತಾ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತರು.

ಸರಿಯಾಗಿ ಮೂರಕ್ಕೆ ಕಚೇರಿಯ ವ್ಯಾನು ಬಂತು. ಆಫೀಸರಮ್ಮ ಇಳಿದು, ಕರವಸ್ತ್ರ ಮೂಗಿಗೊತ್ತಿ, ಅಂಗೈಯಗಲದ ಒಂದು ಮೀಟರನ್ನು ಇಸ್ತ್ರಿ ಅಂಗಡಿಯ ಮುಂದೆ ಹಿಡಿದರು. ಅದು ಬಾಲ ತುಳಿದ ಬೆಕ್ಕಿನ ಹಾಗೆ ಕಿರುಚಿತು.

“ಆರುನೂರ ನಲವತ್ತು!” ಎಂದರು ಆಫೀಸರಮ್ಮ. “ಏನ್ರೀ ಇದು? ಇವತ್ತೊಂದಿನವಾ, ದಿನಾ ಹೀಗೇನಾ?”

“ದಿನಾ ಹೀಗೇ ಮೇಡಂ,” ಅಂದ ಕಟಿಂಗ್‌ನವನು. “ಇವತ್ತು ಸ್ವಲ್ಪ ಕಮ್ಮೀನೇ.”

ಇಸ್ತ್ರಿಯವನು ಮಸಿ ಮುಖದಲ್ಲಿ ಹಲ್ಲು ತೋರಿಸಿ ಹೌದೆಂದ. ಹಾಗೆಂದು ಆಫೀಸರಮ್ಮ ಬರೆದ ಕಾಗದದ ಕೆಳಗೆ ರುಜುವನ್ನೂ ಹಾಕಿದ. ಮೂವತ್ತು ವರ್ಷದಲ್ಲಿ ಅಷ್ಟು ಅಂದವಾಗಿ ಅವನು ಹೆಸರು ಬರೆದಿರಲಿಲ್ಲ.

“ಯಂತ್ರ ಯಾವಾಗ ಕಳಿಸ್ತೀರಾ ಮೇಡಂ? ಆರು ತಿಂಗಳಿಗಾ?”

“ಆರು ತಿಂಗಳಾ? ಯಾಕ್ರೀ? ಯಂತ್ರ ವ್ಯಾನಲ್ಲೇ ಇದೆ.” ಆಫೀಸರಮ್ಮ ಒಂದು ಪುಸ್ತಕ ಬಿಡಿಸಿದರು. “ಮೊದಲ್ನೇ ಸಲ ಅಳೆದಿದ್ದು ಎರಡು ವರ್ಷದ ಹಿಂದೆ. ಎಷ್ಟು ಇಳಿದಿದೆ ಅಂತ ನೋಡೋಕೆ ಇವತ್ತು ಬಂದಿದ್ದು. ಆಗ ನಿಮ್ದು ಇನ್ನೂರ ಹತ್ತು ಇತ್ತು. ನೀವು ಇದ್ದಿಲು ಬಿಟ್ಟಿದ್ದೀರ ಅಂತ ಯಾರೋ ಹೇಳಿದ್ರು, ಅದಕ್ಕೇ ಇಸ್ತ್ರಿ ಯಂತ್ರಾನೇ ಹಾಕ್ಕೊಂಡು ಬಂದ್ವಿ. ಬಂದು ನೋಡಿದ್ರೆ ಮೂರು ಪಟ್ಟು ಏರಿಸಿದ್ದೀರಲ್ರೀ!”

ಇಸ್ತ್ರಿಯವನು ಬಾಂಡಲಿಗೆ ಅಡ್ಡ ನಿಂತ. “ಮೇಡಂ, ಇದು ಇವತ್ತು ಮಾತ್ರ! ನಾನು ಬಿಟ್ಟಿದ್ದೆ! ಬಿಟ್ಟು ಒಂದೂವರೆ ವರ್ಷ! ಹೇಳೋ ಅಣ್ಣಾ!”

ಹೇಳಬೇಕಾದ ಅಣ್ಣ ತನ್ನ ಅಂಗಡಿಯೊಳಗೆ ಸೇರಿ, ಗಿರಾಕಿ ಇಲ್ಲದ ಕುರ್ಚಿಗೆ ಬಟ್ಟೆ ಹೊದಿಸಿ ಕತ್ತರಿ ಆಡಿಸುತ್ತಿದ್ದ.

“ರುಜು ಹಾಕಿದ್ದೀರಲ್ರೀ,” ಎಂದು ಆಫೀಸರಮ್ಮ ರಸ್ತೆ ದಾಟಿದರು. ಗಾಳಿ ಇಸ್ತ್ರಿ ಅಂಗಡಿಯ ಕಡೆಗೇ ಬೀಸುತ್ತಿತ್ತು. ಟೀ ಅಂಗಡಿಯ ಕಡೆ ಆಕಾಶ ತಿಳಿಯಾಗಿತ್ತು. ಮೀಟರನ್ನು ಒಲೆಯ ಬಾಯಿಗೆ ಹಿಡಿದರು. ಅದು ಉಸಿರೆತ್ತಲಿಲ್ಲ. ಒಲೆಗೆ ಕೈ ತಾಗಿಸಿದರು. ತಣ್ಣಗೆ. ಚೀಲ ಇಡುವ ಜಾಗ ನೋಡಿದರು. ಒಂದು ಚೂರು ಇದ್ದಿಲೂ ಇಲ್ಲ.

“ಎರಡು ವರ್ಷದ ಹಿಂದೆ ನೂರ ತೊಂಬತ್ತು. ಇವತ್ತು ಮೂರು,” ಎಂದ ಆಫೀಸರಮ್ಮನ ಕಣ್ಣು ತುಂಬಿ ಬಂತು. ಅದು ಹೊಗೆಗೋ ಸಂತೋಷಕ್ಕೋ ಹೇಳುವುದು ಕಷ್ಟ. “ಇಂಥವ್ರಿಂದಲೇ ಭೂಮಿ ಉಳೀಬೇಕು.”

ಟೀಯವನು ಕಕ್ಕಾಬಿಕ್ಕಿಯಾದ. “ಅಮ್ಮಾ, ನನಗೆ ಇಸ್ತ್ರಿ ಯಂತ್ರ ಯಾಕಮ್ಮಾ?”

“ತಂದಿದ್ದನ್ನ ವಾಪಸ್ ಒಯ್ಯೋಕೆ ಫಾರಂ ಇಲ್ಲ. ಇಲ್ಲಿ ರುಜು ಹಾಕಿ.”

ನಾಲ್ಕು ಜನ ಯಂತ್ರ ಇಳಿಸಿದರು. ಬೆಂಚಿನ ಮೇಲಿದ್ದ ವಕೀಲರು ಎದ್ದು, ತಮ್ಮ ಕರಿ ಅಂಗಿಗಳನ್ನು ಇಸ್ತ್ರಿ ಅಂಗಡಿಯಿಂದ ಕಿತ್ತು ತಂದು ಅದರ ಮೇಲೆ ಹಾಕಿದರು. “ಒಗೆದು ಇಸ್ತ್ರಿ ಮಾಡಿಡಪ್ಪಾ. ಇನ್ಮೇಲೆ ನಿನ್ನ ಹತ್ರಾನೇ.”

ವ್ಯಾನು ಹೋದಮೇಲೆ ಟೀಯವನು ತಲೆ ಕೆರೆದುಕೊಳ್ಳುತ್ತಾ ರಸ್ತೆ ದಾಟಿ ಬಂದ. ಇಸ್ತ್ರಿಯವನು ಒದ್ದೆ ತಲೆಯಲ್ಲಿ ಕುಳಿತಿದ್ದ.

“ಬೇಜಾರು ಮಾಡ್ಕೋಬೇಡ ಕಣೋ. ನನಗೆ ಅದನ್ನ ನಡೆಸೋಕೆ ಬರಲ್ಲ. ನಾಳೆಯಿಂದ ನೀನೇ ಬಂದ್ಬಿಡು, ಸಂಬಳ ಕೊಡ್ತೀನಿ. ಕಾಲಲ್ಲಿ ಒತ್ತೋದಷ್ಟೇ, ಹೆಗಲಿಗೆ ಏನೂ ಕೆಲ್ಸ ಇಲ್ಲ.”

ಇಸ್ತ್ರಿಯವನು ನಿಧಾನವಾಗಿ ಮುಖ ಎತ್ತಿದ. “ನಿಜವಾಗ್ಲೂ ಏನೂ ಇಲ್ವಾ?”

“ಇಲ್ಲ ಅಂದ್ರೆ ಇಲ್ಲ. ಮಧ್ಯೆ ಮಧ್ಯೆ ಮೇಲಿನ ಆಫೀಸುಗಳಿಗೆ ಟೀ ತಗೊಂಡು ಹೋಗ್ಬೇಕು. ಇಪ್ಪತ್ತು ಲೋಟದ ಟ್ರೇ, ಅಷ್ಟೇ.”

“ಯಾವ ಕೈಲಿ?”

“ಬಲಗೈಲಿ,” ಅಂದ ಟೀಯವನು. “ಎಡಗೈಲಿ ಕೆಟಲ್ ಇರತ್ತಲ್ಲ.”